‘528 ಹರ್ಟ್ಸ್’ ಜಪಾನಿ ಸಂಗೀತ ಕೇಳಿದರೆ ಬಿಪಿ ಮಾತ್ರೆ ಬಿಡಬಹುದೇ?

ಬಾಗಲಕೋಟೆ ಜಿಲ್ಲೆಯ ರಾಮಥಾಳದಿಂದ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದರು. ಹನಿ ನೀರಾವರಿ ಯೋಜನೆಯಿಂದಾಗಿ ಹೆಸರು ಕೇಳಿರುತ್ತೀರಲ್ಲ, ಅದೇ ರಾಮಥಾಳ. ಮಂಜು ಮುಸುಕಿದ ಬೆಟ್ಟದ ಚಿತ್ರವಿದ್ದ ಒಂದು ವಿಡಿಯೊ, ಅದರ ಕೆಳಗೆ ಹೀಗೆ ಬರೆದಿತ್ತು: ‘ಜಪಾನಿನ ಸಂಗೀತಗಾರ ಒಬ್ಬರೇ ಕುಳಿತು ಮಾಡಿದ ಹೊಸ ಆಲ್ಬಂ. 528 ಹರ್ಟ್ಸ್‌ನಲ್ಲಿ ಇದೆ. ರಾತ್ರಿ ತಲೆದಿಂಬಿನ ಹತ್ತಿರ ಇಟ್ಟು ಮಲಗಿದರೆ 21 ದಿನದಲ್ಲಿ ಬಿಪಿ, ಶುಗರ್ ಮಾಯ. ಜಪಾನಿನ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಹತ್ತು ಜನರಿಗೆ ಕಳಿಸಿ.’ ಸಂಗೀತಗಾರನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಇಂಥವು ದಿನಕ್ಕೆ ನಾಲ್ಕಾರು ಬರುತ್ತವೆ. ಇದನ್ನು ಬದಿಗಿಡದೆ ಇದ್ದದ್ದು ಕೆಳಗಿದ್ದ ಎರಡು ಸಾಲಿಗಾಗಿ: ‘ನಮ್ಮವ್ವ ಬಿಪಿ ಗುಳಿಗಿ ತಗೊಳ್ಳೋದು ಬಿಟ್ಟು ನಾಕ್ ದಿನಾ ಆತ್ರಿ. ರಾತ್ರಿ ಇದನ್ನ ಹಚ್ಚಿ ಮಲಗ್ತಾಳ. ಇದು ಖರೇ ಏನ್ರಿ?’

ಖರೇ ಅಲ್ಲ. ಲೇಖನ ಬರೆಯುವ ಮೊದಲೇ ಅವರಿಗೆ ಫೋನ್ ಮಾಡಿ ಹೇಳಿದೆವು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇವತ್ತೇ ಬಿಪಿ ಅಳೆಸಿ, ಬಿಟ್ಟ ಗುಳಿಗೆಯ ಹೆಸರು ತೋರಿಸಿ, ವೈದ್ಯರು ಹೇಳಿದಂತೆ ಮತ್ತೆ ಶುರು ಮಾಡಿಸಿ ಎಂದೆವು. ಕೆಲವು ಬಗೆಯ ಬಿಪಿ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಮೊದಲಿಗಿಂತಲೂ ಮೇಲೆ ಜಿಗಿಯಬಹುದು. ಏರಿದ್ದು ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ‘ಆರಾಮ ಅದೀನಿ’ ಅನ್ನಿಸುತ್ತಲೇ ಇರುತ್ತದೆ. ಸಂಗೀತ ಕೇಳಿ ಚೆನ್ನಾಗಿ ನಿದ್ದೆ ಬಂತು, ಅಂದರೆ ಬಿಪಿಯೂ ಇಳಿದಿರಬೇಕು ಎಂದು ಅವರ ತಾಯಿ ಅಂದುಕೊಂಡಿದ್ದು ಇದೇ ಕಾರಣಕ್ಕೆ. ಅಳೆಯದೆ ಗೊತ್ತಾಗದ ಕಾಯಿಲೆ ಇದು.

ಇನ್ನು ಆ ಸಂಗೀತದ ವಿಷಯ. ಫಾರ್ವರ್ಡ್ ಸುಳ್ಳು ಎಂದ ಮಾತ್ರಕ್ಕೆ ಸಂಗೀತವೂ ಸುಳ್ಳಲ್ಲ.

ಹಾಡಿಲ್ಲ, ತಾಳವಿಲ್ಲ, ಪಲ್ಲವಿ ಯಾವಾಗ ಬರುತ್ತದೆ ಎಂದು ಕಾಯುವ ಹಾಗೂ ಇಲ್ಲ. ಒಂದು ಸ್ವರ ನಿಧಾನಕ್ಕೆ ಎದ್ದು, ಹರಡಿ, ಕರಗುತ್ತದೆ. ಇಂಥದ್ದಕ್ಕೆ ಆಂಬಿಯೆಂಟ್ ಎನ್ನುತ್ತಾರೆ. ಗಮನ ಕೊಟ್ಟು ಕೇಳಬಹುದು, ಕೋಣೆಯಲ್ಲಿ ಸುಮ್ಮನೆ ಇರಲು ಬಿಡಬಹುದು. ಬ್ರಿಟನ್ನಿನ ಬ್ರಯನ್ ಈನೋ 1978ರಲ್ಲಿ ವಿಮಾನ ನಿಲ್ದಾಣಕ್ಕೆಂದೇ ಮಾಡಿದ ಆಲ್ಬಂನಿಂದ ಈ ಹೆಸರು ಗಟ್ಟಿಯಾಯಿತು. ಜಪಾನಿನಲ್ಲಿ ಇದಕ್ಕೆ ‘ಕಂಕ್ಯೋ ಒಂಗಾಕು’, ಅಂದರೆ ಪರಿಸರ ಸಂಗೀತ ಎಂಬ ತಮ್ಮದೇ ಹೆಸರಿದೆ. ಹಿರೋಶಿ ಯೋಶಿಮುರಾ ಎಂಬುವರು 1982ರಲ್ಲಿ ಕೀಬೋರ್ಡ್ ಮುಂದೆ ಒಬ್ಬರೇ ಕೂತು ಒಂಬತ್ತು ಪುಟ್ಟ ರಚನೆಗಳ ಆಲ್ಬಂ ಮಾಡಿದರು. ಟೋಕಿಯೊದ ಹಾರಾ ವಸ್ತುಸಂಗ್ರಹಾಲಯದ ಕಿಟಕಿಯಿಂದ ಕಾಣುವ ನೋಟ, ಮರ, ಮೋಡ ಅವರ ಮನಸ್ಸಿನಲ್ಲಿತ್ತು. ಅವರು 2003ರಲ್ಲಿ ತೀರಿಕೊಂಡರು. ಆಮೇಲೆ, ಯೂಟ್ಯೂಬ್ ತಾನಾಗಿಯೇ ‘ಮುಂದೆ ಇದನ್ನು ಕೇಳಿ’ ಎಂದು ಕೊಡುವ ಸಲಹೆಗಳ ಮೂಲಕ ಜಗತ್ತಿನ ಯಾವುಯಾವುದೋ ಮೂಲೆಯ ಫೋನುಗಳಿಗೆ ಅವರ ಸಂಗೀತ ಬಂತು. ‘ಒಬ್ಬ ಜಪಾನಿ ಸಂಗೀತಗಾರ’ ಎನ್ನುವ ಮಾತು ಫಾರ್ವರ್ಡ್‌ಗಳಿಗೆ ತೂಕ ಕೊಡುವುದು ಇಂಥವರು ನಿಜಕ್ಕೂ ಇದ್ದದ್ದರಿಂದಲೇ. ಆದರೆ ಯೋಶಿಮುರಾ ಅದನ್ನು ಮಾಡಿದ್ದು ಆ ಜಾಗಕ್ಕೆ ಹೊಂದಲಿ ಎಂದು, ಔಷಧಿ ಎಂದಲ್ಲ.

ಹಾಗಾದರೆ 528 ಎಲ್ಲಿಂದ ಬಂತು?

ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ತಂತಿ ಸೆಕೆಂಡಿಗೆ 528 ಸಲ ಅದುರಿದರೆ 528 ಹರ್ಟ್ಸ್. ಈ ಸಂಖ್ಯೆಗೆ ‘ಡಿಎನ್‌ಎ ರಿಪೇರಿ ಮಾಡುವ’ ಶಕ್ತಿ ಇದೆ ಎಂಬ ಮಾತು ಹಬ್ಬಿದ್ದು 1999ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದಿಂದ. ಲಿಯೊನಾರ್ಡ್ ಹೊರೊವಿಟ್ಜ್ ಮತ್ತು ಜೋಸೆಫ್ ಪುಲಿಯೊ ಅದರ ಲೇಖಕರು. ಬೈಬಲ್ಲಿನ ಒಂದು ಅಧ್ಯಾಯದ ವಚನಗಳ ಸಂಖ್ಯೆಗಳನ್ನು ಕೂಡಿಸಿ, ಒಂದಂಕಿಗೆ ಇಳಿಸಿ ಅವರು ಆರು ಸಂಖ್ಯೆ ತೆಗೆದರು: 396, 417, 528, 639, 741, 852. ನೀವೇ ಲೆಕ್ಕ ಹಾಕಿ ನೋಡಿ. 417ಕ್ಕೆ 111 ಕೂಡಿಸಿದರೆ 528, ಮತ್ತೆ 111 ಕೂಡಿಸಿದರೆ 639. 528ರ ಅಂಕಿಗಳನ್ನು ಕೂಡಿಸಿದರೆ 15, ಅದನ್ನು ಕೂಡಿಸಿದರೆ 6. ಆರೂ ಸಂಖ್ಯೆಗಳು ಹೀಗೆ 3, 6, 9ರಲ್ಲೇ ನಿಲ್ಲುತ್ತವೆ. ಇದು ಅಂಕಿಗಳ ಆಟ. ಯಾರೂ ಯಾವ ಜೀವಕೋಶಕ್ಕೂ ಸ್ವರ ಕೇಳಿಸಿ ಅಳೆದು ತೆಗೆದದ್ದಲ್ಲ.

‘ಸಾವಿರ ವರ್ಷದ ಹಿಂದೆ ಚರ್ಚುಗಳಲ್ಲಿ ಇದೇ 528 ಹಾಡುತ್ತಿದ್ದರು’ ಎಂಬ ಮಾತೂ ಇದರ ಜೊತೆಗೆ ಓಡಾಡುತ್ತದೆ. ಹರ್ಟ್ಸ್ ಎಂಬ ಮಾಪನಕ್ಕೆ ಹೆಸರು ಕೊಟ್ಟ ಜರ್ಮನ್ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ ಹುಟ್ಟಿದ್ದು 1857ರಲ್ಲಿ. ಅದು ಅಂತರರಾಷ್ಟ್ರೀಯ ಮಾಪನವಾಗಿದ್ದು 1930ರಲ್ಲಿ. ಇನ್ನೊಂದು ಸಂಗತಿ ಯೋಚಿಸಿ. ಸೆಕೆಂಡ್ ಎಂಬುದೇ ಮನುಷ್ಯರು ಮಾಡಿಕೊಂಡ ಒಪ್ಪಂದ. ನಮ್ಮ ಪಂಚಾಂಗದಲ್ಲಿ ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ಒಂದು ವಿಘಳಿಗೆ ಎಂದರೆ 24 ಸೆಕೆಂಡ್. ಆ ಲೆಕ್ಕದಲ್ಲಿ ಇದೇ ಸ್ವರ ವಿಘಳಿಗೆಗೆ 12,672 ಕಂಪನ. ಸ್ವರ ಬದಲಾಗಲಿಲ್ಲ, ಸಂಖ್ಯೆ ಬದಲಾಯಿತು. ದೇಹದೊಳಗಿನ ಯಾವ ಕೋಶಕ್ಕೂ ನಮ್ಮ ಗಡಿಯಾರದ ಸೆಕೆಂಡ್ ಗೊತ್ತಿಲ್ಲ.

ಇಷ್ಟಕ್ಕೂ ‘528 ಹರ್ಟ್ಸ್ ಸಂಗೀತ’ ಎಂದರೇನು? ಒಂದೇ ಸ್ವರ ಹಿಡಿದಿಟ್ಟರೆ ಅದು ಸೈರನ್ ಆಗುತ್ತದೆ, ಸಂಗೀತ ಆಗುವುದಿಲ್ಲ. ಸಾಮಾನ್ಯವಾಗಿ ಪಿಯಾನೊದ ಒಂದು ‘ಸಿ’ ಮನೆ 523.25 ಹರ್ಟ್ಸ್ ಇರುತ್ತದೆ. ಅದನ್ನು 528ಕ್ಕೆ ಏರಿಸಿ, ಉಳಿದೆಲ್ಲ ಸ್ವರಗಳನ್ನೂ ಅದಕ್ಕೆ ತಕ್ಕ ಹಾಗೆ ಸರಿಸುತ್ತಾರೆ, ಅಷ್ಟೇ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ದೂರದ ಆರನೇ ಒಂದು ಭಾಗಕ್ಕಿಂತಲೂ ಇದು ಕಡಿಮೆ. ಅನೇಕ ವಿಡಿಯೊಗಳಲ್ಲಿ ಅದನ್ನೂ ಮಾಡಿರುವುದಿಲ್ಲ. ಶ್ರುತಿ ನೋಡುವ ಉಚಿತ ಟ್ಯೂನರ್ ಆ್ಯಪ್ ಒಂದನ್ನು ಹಾಕಿಕೊಂಡು ನಿಮ್ಮ ಗುಂಪಿಗೆ ಬಂದ ವಿಡಿಯೊ ಮುಂದೆ ಹಿಡಿಯಿರಿ, ಹೆಸರಿಗೆ ಮಾತ್ರ 528 ಇರುವುದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಈ ಮಾತನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಬಯಲಾಟದಲ್ಲೋ ಭಜನೆಯಲ್ಲೋ ಪೇಟಿ ಹಿಡಿದವರು ಮೊದಲು ಕೇಳುವುದೇ ‘ಯಾವ ಶ್ರುತಿ, ಬಿಳಿ ಒಂದೋ ಕಪ್ಪು ಒಂದೋ?’ ಎಂದು. ನಮ್ಮ ಸಂಗೀತದಲ್ಲಿ ‘ಸ’ ಎಲ್ಲಿರಬೇಕು ಎಂದು ಹೇಳುವುದು ಹಾಡುವವರ ಗಂಟಲು. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು, ಅವರು ತಗ್ಗಿನ ಶ್ರುತಿಯಲ್ಲೇ ಹಾಡಿ ದೇಶ ಗೆದ್ದರು. ಒಂದೇ ಸಂಖ್ಯೆಯಲ್ಲಿ ಗುಣ ಇದ್ದಿದ್ದರೆ ತಲೆಮಾರುಗಳಿಂದ ಬೇರೆಬೇರೆ ಶ್ರುತಿಯಲ್ಲಿ ಹಾಡಿದವರನ್ನು ಕೇಳಿ ನಮಗೆ ನೆಮ್ಮದಿ ಆದದ್ದು ಹೇಗೆ?

ಹಿಡಿದ ಸ್ವರ ಬಿಡದೆ ಮನಸ್ಸು ಕೂರಿಸುವ ಸಂಗತಿಯೂ ನಮಗೆ ಹೊಸದಲ್ಲ. ತಂಬೂರಿ ಮಾಡುವುದು ಅದನ್ನೇ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಸರಿಸಿ ಇಟ್ಟಾಗ, ಮೀಟಿದ ಒಂದು ಸ್ವರದೊಳಗಿಂದ ಹತ್ತಾರು ಸಣ್ಣ ಸ್ವರಗಳು ಒಂದರ ಹಿಂದೆ ಒಂದು ಎದ್ದು ಬರುತ್ತವೆ. ನಮ್ಮ ಗಡಿಗೆ ಹತ್ತಿರದ ಮಿರಜ್‌ನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಕೊಳಲು ವಾದಕರೂ ಹೌದು. 1979ರಲ್ಲಿ ಅವರು ತಂತಿಯೇ ಇಲ್ಲದೆ ಸರ್ಕ್ಯೂಟ್‌ನಿಂದ ಈ ನಾದ ಹೊರಡಿಸುವ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಇವತ್ತು ಸಂಗೀತ ಪಾಠ ಹೇಳುವ ಮನೆಗಳಲ್ಲಿ ಕೇಳುವ ಆ ಪುಟ್ಟ ಪೆಟ್ಟಿಗೆಯ ಮೂಲ ಅದು. ಮುಗಿಯದ, ತಾಳವಿಲ್ಲದ ಎಲೆಕ್ಟ್ರಾನಿಕ್ ನಾದ ನಮ್ಮ ಮನೆಗಳಿಗೆ ಬಂದು ನಾಲ್ಕು ದಶಕ ದಾಟಿದೆ. ಆ ಪೆಟ್ಟಿಗೆಯಲ್ಲಿ ಶ್ರುತಿ ಏರಿಸಿ ಇಳಿಸಲು ಒಂದು ತಿರುಗಣೆ ಇದೆ ಎಂಬುದನ್ನು ಮಾತ್ರ 528ರ ಭಕ್ತರು ಗಮನಿಸಬೇಕು.

ಈಗ ‘ಜಪಾನಿನ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎಂಬ ಸಾಲು. ಪೂರ್ತಿ ಗಾಳಿಮಾತಲ್ಲ. 2018ರಲ್ಲಿ ಜಪಾನಿನಲ್ಲಿ ಒಂದು ಅಧ್ಯಯನ ನಡೆಯಿತು. ಭಾಗವಹಿಸಿದವರು ಒಂಬತ್ತು ಜನ, ಎಲ್ಲರೂ ಆರೋಗ್ಯವಂತರು. ಐದು ನಿಮಿಷ 528 ಹರ್ಟ್ಸ್ ಶ್ರುತಿಯ ಸಂಗೀತ ಕೇಳಿದ ಮೇಲೆ ಅವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಒಂಬತ್ತು ಜನ, ಐದು ನಿಮಿಷ. ಒಂದು ಟಂಟಂನಲ್ಲಿ ಕೂರುವಷ್ಟು ಮಂದಿಯನ್ನು ನೋಡಿ ಊರಿಗೆಲ್ಲ ಔಷಧಿ ಬರೆಯಲು ಆಗುವುದಿಲ್ಲ. ಅದರಲ್ಲಿ ಬಿಪಿ ರೋಗಿಗಳೂ ಇರಲಿಲ್ಲ, ಶುಗರ್ ರೋಗಿಗಳೂ ಇರಲಿಲ್ಲ, 21 ದಿನವೂ ಇರಲಿಲ್ಲ.

ಗಟ್ಟಿಯಾದ ಪುರಾವೆ ಇರುವುದು ನಿದ್ದೆಯ ವಿಷಯದಲ್ಲಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2022ರಲ್ಲಿ ನಿದ್ರಾಹೀನತೆಯ ಬಗ್ಗೆ 13 ಅಧ್ಯಯನಗಳನ್ನು, ಒಟ್ಟು 1,007 ಜನರ ಫಲಿತಾಂಶವನ್ನು ನೋಡಿತು. ದಿನಾ 25ರಿಂದ 60 ನಿಮಿಷ ಸಂಗೀತ ಕೇಳಿದವರು ತಮ್ಮ ನಿದ್ದೆ ಸುಧಾರಿಸಿದೆ ಎಂದು ಹೇಳಿದ್ದರು. ಒಂದೇ ಶ್ರುತಿಯ, ಒಂದೇ ಬಗೆಯ ಸಂಗೀತವನ್ನು ಎಲ್ಲರಿಗೂ ಕೇಳಿಸಿದ ಅಧ್ಯಯನಗಳಲ್ಲ ಇವು. ಹಾಗಾಗಿ ರಾಮಥಾಳದ ಆ ತಾಯಿಗೆ ವಿಡಿಯೊ ಕೇಳಿ ನಿದ್ದೆ ಬಂತು ಎಂಬುದನ್ನು ನಾವು ನಂಬುತ್ತೇವೆ.

ರಕ್ತದೊತ್ತಡದ ಬಗ್ಗೆ ನಮಗೆ ತುಂಬ ಹಿಡಿಸಿದ ಅಧ್ಯಯನ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಅವರದ್ದು, 2006ರದು. ಇದೂ ಸಣ್ಣದೇ, 24 ಜನ. ಅವರಿಗೆ ವಿವಾಲ್ಡಿ, ಟೆಕ್ನೋ, ರ‍್ಯಾಪ್, ನಮ್ಮ ರಾಗ ಎಲ್ಲವನ್ನೂ ಕೇಳಿಸಿದರು. ಲಯ ಜೋರಾದಷ್ಟೂ ಉಸಿರು, ಎದೆಬಡಿತ, ಬಿಪಿ ಏರಿದವು. ಸಂಗೀತದ ನಡುವೆ ಎರಡು ನಿಮಿಷ ಏನೂ ಕೇಳಿಸದೆ ಬಿಟ್ಟಾಗ ಎದೆಬಡಿತ, ಬಿಪಿ ಎರಡೂ ಶುರುವಿಗಿಂತಲೂ ಕೆಳಗಿಳಿದವು. ಅಂದರೆ ಇಲ್ಲಿ ಕೆಲಸ ಮಾಡುವುದು ಲಯ, ಉಸಿರು ಮತ್ತು ಮೌನ. ಇಳಿಕೆಯೂ ಆ ಹೊತ್ತಿನದ್ದು. ಮರುದಿನ ಬೆಳಿಗ್ಗೆ ಎದ್ದು ಹೊಲಕ್ಕೆ ಹೋದಾಗ ನಾಳಗಳಲ್ಲಿ ಒತ್ತಡ ಎಷ್ಟಿದೆ ಎಂಬುದನ್ನು ಅದು ಹಿಡಿದಿಡುವುದಿಲ್ಲ, ಅದಕ್ಕೇ ಗುಳಿಗೆ ದಿನಾ ಬೇಕು.

ಇಷ್ಟು ಹೇಳಿದ ಮೇಲೆ, ಒಬ್ಬ ಜಪಾನಿ ಸಂಗೀತಗಾರನ ಕಾಯಿಲೆ ಮತ್ತು ಆಲ್ಬಂ ಎರಡೂ ಸೇರಿದ ನಿಜವಾದ ಸಂಗತಿಯನ್ನು ಹೇಳಲೇಬೇಕು. ‘ದಿ ಲಾಸ್ಟ್ ಎಂಪರರ್’ ಸಿನಿಮಾದ ಸಂಗೀತಕ್ಕೆ ಆಸ್ಕರ್ ಪಡೆದವರಲ್ಲಿ ಒಬ್ಬರಾದ ರ‍್ಯೂಇಚಿ ಸಾಕಾಮೊಟೊ ಅವರಿಗೆ 2014ರಲ್ಲಿ ಗಂಟಲು ಕ್ಯಾನ್ಸರ್ ಪತ್ತೆಯಾಯಿತು. 2021ರ ಜನವರಿಯಲ್ಲಿ ಮತ್ತೊಂದು ಕ್ಯಾನ್ಸರ್ ಇರುವುದನ್ನು ಅವರೇ ಪ್ರಕಟಿಸಿದರು. ದೊಡ್ಡ ಶಸ್ತ್ರಚಿಕಿತ್ಸೆ ಆಗಿ ಮನೆಗೆ ಬಂದ ಮೇಲೆ, ಮೈ ಸೋತಿದ್ದರೂ ಸಿಂಥಸೈಜರ್ ಮತ್ತು ಪಿಯಾನೊ ಮುಂದೆ ಕೂತು, ಡೈರಿ ಬರೆದಂತೆ ಆಗಾಗ ನುಡಿಸಿ ಧ್ವನಿಮುದ್ರಿಸಿಕೊಂಡರು. ಅದರಲ್ಲಿ ಹನ್ನೆರಡನ್ನು ಆರಿಸಿ ‘12’ ಎಂಬ ಆಲ್ಬಂ ಮಾಡಿದರು. ಪ್ರತಿ ರಚನೆಗೂ ಹೆಸರಿನ ಬದಲು ತಾರೀಖು. ಕೆಲವು ಕಡೆ ಅವರ ಉಸಿರು ಕೇಳುತ್ತದೆ. ಕೇಳುವುದು ಸುಲಭವಲ್ಲ, ನಾವು ಒಂದೇ ಕೂತಲ್ಲಿ ಪೂರ್ತಿ ಕೇಳಲಾಗಲಿಲ್ಲ. ಅದು ಬಂದದ್ದು 2023ರ ಜನವರಿ 17ರಂದು, ಅವರ 71ನೇ ಹುಟ್ಟುಹಬ್ಬದ ದಿನ. ಮಾರ್ಚ್ 28ರಂದು ಅವರು ತೀರಿಕೊಂಡರು. ಆ ದಿನಗಳಲ್ಲಿ ಅವರಿಗೆ ಸಂಗೀತ ಆಸರೆಯಾಗಿತ್ತು, ಅದರ ಜೊತೆಗೆ ಆಸ್ಪತ್ರೆಯ ಚಿಕಿತ್ಸೆಯೂ ನಡೆದಿತ್ತು. ಒಂದರ ಜಾಗದಲ್ಲಿ ಇನ್ನೊಂದನ್ನು ಅವರು ಇಡಲಿಲ್ಲ.

ರಾತ್ರಿ ಇಂಥ ಸಂಗೀತ ಹಚ್ಚಿ ಮಲಗುವವರಿಗೆ ಒಂದೆರಡು ಮಾತು. ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ನಿದ್ದೆ ಹೋಗಬೇಡಿ, ಫೋನನ್ನು ದಿಂಬಿನ ಕೆಳಗೆ ಚಾರ್ಜಿಗೂ ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು. ರಾತ್ರಿಯಿಡೀ ಕೇಳುವವರು ಆ ಲೆಕ್ಕವನ್ನು ಬೇಗ ದಾಟುತ್ತಾರೆ. ಸ್ಪೀಕರಿನಲ್ಲಿ ಸಣ್ಣ ದನಿ ಸಾಕು, ಅರ್ಧ ಗಂಟೆಗೆ ತಾನೇ ನಿಲ್ಲುವಂತೆ ಟೈಮರ್ ಇಡಿ. ಇಲ್ಲದಿದ್ದರೆ ನಡುರಾತ್ರಿ ಜಾಹೀರಾತು ಕೂಗಿ ಬಂದ ನಿದ್ದೆಯನ್ನೂ ಕೆಡಿಸುತ್ತದೆ.

ಎರಡು ದಿನ ಬಿಟ್ಟು ರಾಮಥಾಳದ ಓದುಗರು ಮತ್ತೆ ಬರೆದಿದ್ದರು. ಅಳೆಸಿದಾಗ ಬಿಪಿ ಹೆಚ್ಚೇ ಇತ್ತಂತೆ, ಗುಳಿಗೆ ಶುರುವಾಗಿದೆ. ರಾತ್ರಿ ಕೇಳಲು ಅಡ್ಡಿಯಿಲ್ಲ ಎಂದು ನಾವು ಹೇಳಿದ್ದನ್ನು ತಾಯಿಗೆ ತಿಳಿಸಿದಾಗ ಆಕೆ, ‘ಗುಳಿಗಿ ನುಂಗೋದs ಆದ್ರ ಆ ಗುಂಯ್ ಅನ್ನೋದ್ಯಾಕ, ಮನ್ಸೂರ್ ಅವರ ವಚನ ಹಚ್ಚು’ ಅಂದರಂತೆ.