ಪಾಠಪುಸ್ತಕ ಬಿಟ್ಟ ಚರಿತ್ರೆಗೆ ರಂಗವೇ ಶಾಲೆ

ಫೆಬ್ರವರಿ ತಿಂಗಳು ಬಂತೆಂದರೆ ಅಮೆರಿಕದ ಅನೇಕ ಊರುಗಳಲ್ಲಿ, ಕಾಲೇಜುಗಳಲ್ಲಿ ನಾಟಕಗಳ ಸಡಗರ. ಇಗರ್ಜಿಯ ಸಭಾಂಗಣವಾಗಲಿ, ಶಾಲೆಯ ಹಾಲ್ ಆಗಲಿ, ಕಾಲೇಜಿನ ರಂಗಮಂದಿರವಾಗಲಿ, ಅಲ್ಲಿ ಕಪ್ಪು ಜನಾಂಗದ ಹುಡುಗ ಹುಡುಗಿಯರು ತಮ್ಮ ಹಿರಿಯರ ಪಾತ್ರ ವಹಿಸಿ ನಿಲ್ಲುತ್ತಾರೆ. ಆ ತಿಂಗಳನ್ನು ಅಲ್ಲಿ ಕಪ್ಪು ಜನಾಂಗದ ಇತಿಹಾಸ ಮಾಸವೆಂದು ಆಚರಿಸುವುದು ರೂಢಿ. ಚರಿತ್ರೆಯನ್ನು ಹೇಳಲು ಅವರಿಗೆ ನಾಟಕವೇ ಏಕೆ ಬೇಕಾಯಿತು ಎಂದು ಕೇಳಿದರೆ ಉತ್ತರ ಸರಳವಾಗಿದೆ. ಶಾಲೆಯ ಪುಸ್ತಕದಲ್ಲಿ ಆ ಚರಿತ್ರೆಗೆ ಬಹುಕಾಲ ಜಾಗವಿರಲಿಲ್ಲ. ಪುಸ್ತಕದಲ್ಲಿ ಸಿಗದ್ದನ್ನು ಅವರು ರಂಗದ ಮೇಲೆ ತಂದರು. ಆ ಕತೆಯನ್ನು ನಮ್ಮ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮಸಿ ಬಳಿದ ಮುಖಗಳು

1821ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಅಲೆಗ್ಸಾಂಡರ್ ಬ್ರೌನ್ ಎಂಬವರು ಒಂದು ನಾಟಕ ತಂಡ ಕಟ್ಟಿದರು. ಹಡಗಿನಲ್ಲಿ ಪ್ರಯಾಣಿಕರ ಊಟೋಪಚಾರ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದ ಕಪ್ಪು ಮನುಷ್ಯ ಅವರು. ಅವರ ನಟರು ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ಆಡಿದರು. ಬಿಳಿಯ ಪುಂಡರು ಬಂದು ದಾಂಧಲೆ ಎಬ್ಬಿಸಿದರು. ಪೊಲೀಸರು ಹಿಡಿದುಕೊಂಡು ಹೋದದ್ದು ಮಾತ್ರ ನಟರನ್ನು! ಎರಡು ಮೂರು ವರ್ಷಗಳಲ್ಲೇ ಆ ರಂಗ ಮುಚ್ಚಿತು. ಬ್ರೌನ್ ತಾವೇ ಬರೆದ ಒಂದು ನಾಟಕವೂ ಅಲ್ಲಿ ಪ್ರದರ್ಶನಗೊಂಡಿತ್ತು. ಕಪ್ಪು ಅಮೆರಿಕನ್ನರ ಮೊದಲ ನಾಟಕವೆಂದು ಹೆಸರಾದ ಆ ಕೃತಿಯ ಒಂದು ಹಾಳೆಯೂ ಇಂದು ಉಳಿದಿಲ್ಲ.

ಮುಂದೆ 1830ರ ದಶಕದಿಂದ ಬಿಳಿಯ ನಟರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕಪ್ಪು ಜನರನ್ನು ಸೋಮಾರಿಗಳೆಂದೂ ದಡ್ಡರೆಂದೂ ಅಣಕಿಸುವ ಆಟಗಳನ್ನು ಊರೂರಿಗೆ ಒಯ್ದರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ಕಾಲ ಅದು. ತಮ್ಮ ಕತೆಯನ್ನು ತಾವು ಬರೆಯಲಾಗದವರ ಕತೆಯನ್ನು ಇತರರು ನಗೆಪಾಟಲು ಮಾಡಿದರು. ಅದನ್ನು ನೋಡಿ ಬೆಳೆದ ಮಗುವಿಗೆ ತನ್ನ ಹೆತ್ತವರ ಬಗ್ಗೆ ಯಾವ ಗೌರವ ಉಳಿದೀತು?

ಗಣಿಯಿಂದ ಬಂದ ವಿದ್ವಾಂಸ

ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಕಾರ್ಟರ್ ವುಡ್‌ಸನ್. ಹಿಂದೆ ಗುಲಾಮರಾಗಿದ್ದ ತಂದೆತಾಯಿಗೆ 1875ರಲ್ಲಿ ಹುಟ್ಟಿದ ಇವರು ಹರೆಯದಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದರು. ಓದು ಬಾರದ ಗಣಿ ಕೆಲಸಗಾರರಿಗೆ ಸಂಜೆ ಪತ್ರಿಕೆ ಓದಿ ಹೇಳುತ್ತಿದ್ದರು. ಇಪ್ಪತ್ತರ ವಯಸ್ಸಿನಲ್ಲಿ ಹೈಸ್ಕೂಲಿಗೆ ಸೇರಿದ ಈ ಮನುಷ್ಯ 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದರು.

1926ರ ಫೆಬ್ರವರಿಯಲ್ಲಿ ವುಡ್‌ಸನ್ ‘ನೀಗ್ರೋ ಇತಿಹಾಸ ಸಪ್ತಾಹ’ವನ್ನು ಆರಂಭಿಸಿದರು. ಗುಲಾಮಗಿರಿಯ ಬಿಡುಗಡೆಯ ಘೋಷಣೆ ಹೊರಡಿಸಿದ ಲಿಂಕನ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ನಾಯಕನಾದ ಫ್ರೆಡರಿಕ್ ಡಗ್ಲಾಸ್, ಇವರಿಬ್ಬರ ಜನ್ಮದಿನಗಳೂ ಬರುವ ವಾರ ಅದು. 1970ರಲ್ಲಿ ಒಹಾಯೋದ ಕೆಂಟ್ ವಿಶ್ವವಿದ್ಯಾನಿಲಯದ ಕಪ್ಪು ವಿದ್ಯಾರ್ಥಿಗಳ ಪ್ರಯತ್ನದಿಂದ ಅಲ್ಲಿ ವಾರ ತಿಂಗಳಾಗಿ ಬೆಳೆಯಿತು. 1976ರಲ್ಲಿ ಅಮೆರಿಕದ ಅಧ್ಯಕ್ಷರು ಅದಕ್ಕೆ ಮನ್ನಣೆ ಕೊಟ್ಟರು.

ಆದರೆ ಸಪ್ತಾಹ ಎಂದು ಸಾರಿದ ಮಾತ್ರಕ್ಕೆ ಸಾಕೇ? ಶಾಲೆಯಲ್ಲಿ ಮಕ್ಕಳಿಗೆ ಏನು ಮಾಡಿಸುವುದು? ವುಡ್‌ಸನ್ ನಾಟಕದ ಕಡೆ ತಿರುಗಿದರು. ವಾಷಿಂಗ್ಟನ್ನಿನ ಸರಕಾರಿ ಮುದ್ರಣಾಲಯದಲ್ಲಿ ಗುಮಾಸ್ತರಾಗಿದ್ದು ನಾಟಕ ಬರೆಯುತ್ತಿದ್ದ ವಿಲ್ಲಿಸ್ ರಿಚರ್ಡ್‌ಸನ್ ಅವರಿಂದ ಶಾಲೆಗಳಿಗೆ ಒಪ್ಪುವ ನಾಟಕಗಳ ಸಂಕಲನವೊಂದನ್ನು ಮಾಡಿಸಿ 1930ರಲ್ಲಿ ಪ್ರಕಟಿಸಿದರು. 1935ರಲ್ಲಿ ಇನ್ನೊಂದು ಸಂಕಲನ ಬಂತು. ಅದರಲ್ಲಿರುವುದು ಚರಿತ್ರೆಯನ್ನೇ ವಸ್ತುವಾಗುಳ್ಳ ಹದಿಮೂರು ನಾಟಕಗಳು. ಅದರ ಸಹಸಂಪಾದಕಿ ಮೇ ಮಿಲ್ಲರ್ ಬಾಲ್ಟಿಮೋರಿನ ಹೈಸ್ಕೂಲೊಂದರ ಅಧ್ಯಾಪಿಕೆ.

ಅವರ ಒಂದು ನಾಟಕದ ನಾಯಕಿ ಹ್ಯಾರಿಯೆಟ್ ಟಬ್‌ಮನ್. ಬಾಲ್ಟಿಮೋರ್ ಇರುವ ಮೇರಿಲ್ಯಾಂಡಿನಲ್ಲೇ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ಬಳಿಕ ಮತ್ತೆ ಮತ್ತೆ ಮರಳಿ ಬಂದು ಸುಮಾರು 70 ಮಂದಿಯನ್ನು ರಾತ್ರೋರಾತ್ರಿ ಬಿಡುಗಡೆಯ ದಾರಿಗೆ ಹಚ್ಚಿದ ಹೆಣ್ಣು ಅವಳು. ಅವಳು ನಡೆದ ನೆಲದ ಮಕ್ಕಳಿಗೆ ಅವಳ ಪಾತ್ರವನ್ನು ಒಪ್ಪಿಸಿದ್ದು ಪಟ್ಟಣದ ದೊಡ್ಡ ಕಂಪೆನಿಯಲ್ಲ, ಒಬ್ಬ ಟೀಚರಮ್ಮ.

ನೆಲಮಾಳಿಗೆಯ ರಂಗ

ಅದೇ 1926ರಲ್ಲಿ ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯನ್ನೇ ರಂಗವನ್ನಾಗಿ ಮಾಡಿದ ‘ಕ್ರಿಗ್ವಾ’ ತಂಡವನ್ನು ಹುಟ್ಟುಹಾಕಿದರು. ನಾಟಕ ತಮ್ಮವರ ಬಾಳನ್ನು ಕುರಿತದ್ದಾಗಿರಬೇಕು, ತಮ್ಮವರೇ ಬರೆದದ್ದಾಗಿರಬೇಕು, ತಮ್ಮವರಿಗಾಗಿ ಇರಬೇಕು, ತಮ್ಮವರು ವಾಸಿಸುವ ಕಡೆಯಲ್ಲೇ ನಡೆಯಬೇಕು ಎಂಬ ನಾಲ್ಕು ಕಟ್ಟಳೆಗಳನ್ನು ಅವರು ವಿಧಿಸಿದರು. ನಾಲ್ಕನೆಯದೇ ನಮಗೆ ಮುಖ್ಯವಾಗಿ ಕಾಣುತ್ತದೆ. ದುಡಿದು ದಣಿದವನು ನಡೆದು ಬರಬಹುದಾದ ದೂರದಲ್ಲಿ ರಂಗವಿದ್ದರೆ ಮಾತ್ರ ಅದು ಅವನದಾಗುತ್ತದೆ.

ಕ್ಲೀವ್‌ಲ್ಯಾಂಡ್ ನಗರದ ‘ಕರಾಮು’ ಕೇಂದ್ರ ಇದಕ್ಕೆ ಹಳೆಯ ನಿದರ್ಶನ. 1915ರಲ್ಲಿ ಜೆಲಿಫ್ ಎಂಬ ಬಿಳಿಯ ದಂಪತಿಗಳು ನೆರೆಕರೆಯವರಿಗಾಗಿ ತೆರೆದ ಸೇವಾಗೃಹ ಅದು. ಅಲ್ಲಿ ಹುಟ್ಟಿದ ನಾಟಕ ತಂಡ 1922ರಲ್ಲಿ ಹೆಸರಾಂತ ಕಪ್ಪು ನಟ ಚಾರ್ಲ್ಸ್ ಗಿಲ್ಪಿನ್ ಅವರ ಹೆಸರನ್ನು ಇಟ್ಟುಕೊಂಡಿತು. ಹಗಲು ಕೂಲಿನಾಲಿ ಮಾಡುವವರೇ ಸಂಜೆಯ ಹೊತ್ತು ನಟರು. ಶಾಲಾ ಬಾಲಕನಾಗಿದ್ದಾಗಲೇ ಆ ಮನೆಗೆ ಬರುತ್ತಿದ್ದ ಲ್ಯಾಂಗ್‌ಸ್ಟನ್ ಹ್ಯೂಸ್ ಮುಂದೆ ಪ್ರಸಿದ್ಧ ಕವಿಯಾಗಿ, ತಮ್ಮ ಹಲವು ನಾಟಕಗಳನ್ನು 1930ರ ದಶಕದಲ್ಲಿ ಅದೇ ರಂಗಕ್ಕೆ ಕೊಟ್ಟರು. 1939ರಲ್ಲಿ ರಂಗಮಂದಿರ ಬೆಂಕಿಗೆ ಆಹುತಿಯಾಯಿತು. ಹತ್ತು ವರ್ಷಗಳ ಬಳಿಕ, 1949ರಲ್ಲಿ, ಹೊಸ ಕಟ್ಟಡ ಎದ್ದಿತು.

ಕಾಲೇಜುಗಳ ಪೈಕಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯದ್ದು ಮೊದಲ ಹೆಸರು. ಮಾಂಟ್‌ಗೊಮರಿ ಗ್ರೆಗರಿ ಮತ್ತು ಅಲೆನ್ ಲಾಕ್ ಎಂಬ ಪ್ರಾಧ್ಯಾಪಕರು ಅಲ್ಲಿ ವಿದ್ಯಾರ್ಥಿಗಳ ತಂಡವನ್ನು ಬೆಳೆಸಿದರು. 1949ರಲ್ಲಿ ಆ ವಿದ್ಯಾರ್ಥಿಗಳು ಇಬ್ಸೆನ್ನನ ನಾಟಕವನ್ನು ಇಬ್ಸೆನ್ನನ ನಾಡಾದ ನಾರ್ವೆಯಲ್ಲೇ ಆಡಿ ಬಂದರು. ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದಿಂದ ಲೋಕವಿಖ್ಯಾತರಾಗಿ 2020ರಲ್ಲಿ ತೀರಿಕೊಂಡ ನಟ ಚಾಡ್ವಿಕ್ ಬೋಸ್‌ಮನ್ ಕಲಿತದ್ದೂ ಇಲ್ಲಿಯೇ; 2021ರಲ್ಲಿ ಅಲ್ಲಿನ ಲಲಿತಕಲಾ ಕಾಲೇಜಿಗೆ ಅವರ ಹೆಸರನ್ನಿಟ್ಟರು.

ಹತ್ತಿ ಹೊಲದ ನಾಡಿನಲ್ಲಿ

ಇವೆಲ್ಲ ನಗರಗಳ ಮಾತಾಯಿತು. ದಕ್ಷಿಣದ ಮಿಸಿಸಿಪಿ ರಾಜ್ಯದ ಹಳ್ಳಿಗಳ ಸ್ಥಿತಿಯೇ ಬೇರೆ. 1960ರ ದಶಕದ ಆರಂಭದಲ್ಲಿ ಮತದಾನಕ್ಕೆ ಅರ್ಹರಾದ ಅಲ್ಲಿನ ಕಪ್ಪು ಜನರಲ್ಲಿ ನೂರಕ್ಕೆ ಹತ್ತು ಮಂದಿಯ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಹೆಸರು ಬರೆಸಲು ಹೋದವರು ಕೆಲಸ ಕಳೆದುಕೊಂಡರು, ಪೆಟ್ಟು ತಿಂದರು, ಕೆಲವರು ಜೀವವನ್ನೇ ತೆತ್ತರು.

ಅಂಥ ಕಡೆ, 1963ರಲ್ಲಿ, ಟೂಗಲೂ ಕಾಲೇಜನ್ನು ನೆಲೆಯಾಗಿಟ್ಟುಕೊಂಡು ಡೋರಿಸ್ ಡರ್ಬಿ, ಜಾನ್ ಓನೀಲ್, ಗಿಲ್ಬರ್ಟ್ ಮೋಸೆಸ್ ಎಂಬ ಮೂವರು ತರುಣರು ‘ಫ್ರೀ ಸದರ್ನ್ ಥಿಯೇಟರ್’ ಕಟ್ಟಿದರು. ಟಿಕೇಟು ಇಲ್ಲ, ಪರದೆ ಇಲ್ಲ. ಇಗರ್ಜಿ, ಸಮುದಾಯ ಭವನ, ಹೊಲದ ಬದಿ, ಎಲ್ಲಿ ಜನ ಸೇರುವರೋ ಅಲ್ಲಿ ಆಟ. ಸಾಮುವೆಲ್ ಬೆಕೆಟ್ಟನ ‘ಗೋಡೋಗಾಗಿ ಕಾಯುತ್ತ’ ನಾಟಕವನ್ನೂ ಅವರು ಆಡಿದರು. ಪಂಡಿತರಿಗೇ ತೊಡಕೆನಿಸುವ ಆ ನಾಟಕ ಹತ್ತಿ ಬಿಡಿಸುವವರಿಗೆ ಅರ್ಥವಾದೀತೇ ಎಂದು ಯಾರಿಗಾದರೂ ಸಂಶಯ ಬರಬಹುದು. ಆದರೆ ಕಾಯುವುದೆಂದರೇನು ಎಂದು ಅವರಿಗೆ ಯಾರು ಹೇಳಿಕೊಡಬೇಕು? ತೋಟದಲ್ಲಿ ದುಡಿದು ಮತದ ಹಕ್ಕಿನ ಹೋರಾಟಕ್ಕೆ ಧುಮುಕಿದ ಫ್ಯಾನಿ ಲೂ ಹೇಮರ್ ತಮ್ಮ ಊರಿನಲ್ಲಿ ಅದನ್ನು ನೋಡಿ, ಕಾಯುತ್ತ ಕುಳಿತವರಿಗೆ ಯಾರೂ ಏನನ್ನೂ ತಂದುಕೊಡುವುದಿಲ್ಲ ಎಂಬರ್ಥದ ಮಾತನ್ನಾಡಿದರು. ನಾಟಕದ ತಿರುಳು ಅಷ್ಟೇ ತಾನೆ!

ಆಟ ಮುಗಿದ ಮೇಲೆ ಜನರ ಜತೆ ಕುಳಿತು ಮಾತಾಡುವುದು ತಂಡದ ಪದ್ಧತಿ. ಮುಂದೆ ಅದೇ ಓನೀಲ್ ಅವರ ಕೈಯಲ್ಲಿ, ವಾದ ಬಿಟ್ಟು ಒಬ್ಬೊಬ್ಬರೂ ತಮ್ಮ ಬಾಳಿನ ಒಂದು ಕತೆ ಹೇಳುವ ವೃತ್ತವಾಗಿ ರೂಪುಗೊಂಡಿತು. ನ್ಯೂ ಓರ್ಲಿಯನ್ಸಿಗೆ ನೆಲೆ ಬದಲಾಯಿಸಿದ ಬಳಿಕ ಊರ ತರುಣರೇ ನಾಟಕ, ಕವಿತೆ ಬರೆಯುವ ಕಮ್ಮಟವೂ ನಡೆಯಿತು. ಬಿಳಿಯರೂ ತಂಡದಲ್ಲಿರಬೇಕೇ, ಹೊರಗಿನವರ ನಾಟಕ ಏಕೆ ಎಂಬ ಬಿಸಿಬಿಸಿ ಚರ್ಚೆಗಳೂ ಆದವು. ಹಣದ ಕೊರತೆ ಎಂದೂ ತಪ್ಪಲಿಲ್ಲ. 1980ರಲ್ಲಿ ತಂಡ ನಿಂತುಹೋಯಿತು. 1985ರಲ್ಲಿ ಅದರ ಗೆಳೆಯರೆಲ್ಲ ಸೇರಿ, ಆ ಊರಿನ ಸಂಪ್ರದಾಯದಂತೆ ಬ್ಯಾಂಡ್ ಬಾರಿಸುತ್ತ, ತಂಡಕ್ಕೊಂದು ಶವಯಾತ್ರೆಯನ್ನೇ ಮಾಡಿ ಬೀಳ್ಕೊಟ್ಟರು. ಅಳುತ್ತ ಹೊರಟು ಕುಣಿಯುತ್ತ ಮರಳುವುದು ಅಲ್ಲಿನ ಶವಯಾತ್ರೆಯ ಕ್ರಮ.

ಬೀಜ ಎಲ್ಲಿ ಬೀಳುವುದೋ

ಇಂಥ ಚಿಕ್ಕ ತಂಡಗಳಿಂದ ಏನಾದೀತು ಎನ್ನುವವರಿಗೆ ಪಿಟ್ಸ್‌ಬರ್ಗಿನ ಒಂದು ಉದಾಹರಣೆ ಸಾಕು. ಹದಿನೈದರಲ್ಲೇ ಶಾಲೆ ಬಿಟ್ಟು ಗ್ರಂಥಾಲಯದಲ್ಲಿ ಕುಳಿತು ಓದಿದ ಆಗಸ್ಟ್ ವಿಲ್ಸನ್, 1968ರಲ್ಲಿ ಗೆಳೆಯ ರಾಬ್ ಪೆನ್ನಿಯ ಜತೆ ತಮ್ಮ ಕೇರಿಯ ಶಾಲೆಯ ಹಾಲ್‌ನಲ್ಲಿ ನಾಟಕ ಆಡಿಸಲು ಹೊರಟರು. ನಿರ್ದೇಶನ ಅವರಿಗೆ ತಿಳಿದಿರಲಿಲ್ಲ. ಪುಸ್ತಕ ನೋಡಿ ಕಲಿತರು. ಮುಂದೆ ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ ಹತ್ತು ನಾಟಕ ಬರೆದು, ಎರಡು ಬಾರಿ ಪುಲಿಟ್ಜರ್ ಬಹುಮಾನ ಪಡೆದರು. ಆ ಹತ್ತರಲ್ಲಿ ಒಂಬತ್ತು ನಡೆಯುವುದು ಅದೇ ಕೇರಿಯಲ್ಲಿ.

ಇಂದಿಗೂ ಈ ವಿಷಯ ಹಳತಾಗಿಲ್ಲ. 2021ರಿಂದೀಚೆಗೆ ಅಮೆರಿಕದ ಹಲವು ರಾಜ್ಯಗಳು ಶಾಲೆಗಳಲ್ಲಿ ವರ್ಣಭೇದದ ಚರಿತ್ರೆಯನ್ನು ಹೇಗೆ ಕಲಿಸಬಹುದು ಎಂಬುದಕ್ಕೆ ಕಾನೂನಿನ ಕಡಿವಾಣ ಹಾಕಿವೆ. ಪಾಠಪುಸ್ತಕ ಸರಕಾರದ ಕೈಯಲ್ಲಿರುವುದು. ಇಂದು ಸೇರಿಸಿದ್ದನ್ನು ನಾಳೆ ತೆಗೆಯಬಹುದು. ಆದರೆ ಹತ್ತು ವರ್ಷದ ಹುಡುಗಿ ಹ್ಯಾರಿಯೆಟ್ ಟಬ್‌ಮನ್ ಆಗಿ ಒಂದು ಸಂಜೆ ರಂಗದ ಮೇಲೆ ನಿಂತಳೆಂದರೆ, ಆ ಪಾಠವನ್ನು ಅವಳಿಂದ ತೆಗೆಯುವವರು ಯಾರೂ ಇಲ್ಲ.

ಊರ ಶಾಲೆಯ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿ, ತಾಯ್ನುಡಿಯ ಮಾತನ್ನು ಬಾಯಿಪಾಠ ಮಾಡಿ, ನಡುಗುತ್ತ ನಿಂತ ನೆನಪು ನಮ್ಮ ಓದುಗರಲ್ಲಿ ಅನೇಕರಿಗಿದೆ. ಅಂದು ಆಡಿದ ಮಾತು ಇಂದಿಗೂ ನಾಲಗೆಯ ಮೇಲಿರುವುದನ್ನು ಅವರೇ ಬಲ್ಲರು.