ದೊಡ್ಡ ವಿಮಾನ ಬಿಟ್ಟುಹೋಗುವ ಸುಳಿ

1993ರ ಡಿಸೆಂಬರ್ 15ರ ಸಂಜೆ. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಜಾನ್ ವೇನ್ ನಿಲ್ದಾಣಕ್ಕೆ ಇಳಿಯುತ್ತಿದ್ದ ವೆಸ್ಟ್‌ವಿಂಡ್ ಎಂಬ ಪುಟ್ಟ ಜೆಟ್ ವಿಮಾನ ಇದ್ದಕ್ಕಿದ್ದಂತೆ ಮಗುಚಿ ನೆಲಕ್ಕಪ್ಪಳಿಸಿತು. ಒಳಗಿದ್ದ ಐವರೂ ಸತ್ತರು. ಸುಮಾರು ಎರಡು ನಾಟಿಕಲ್ ಮೈಲಿ ಮುಂದೆ ಬೋಯಿಂಗ್ 757 ಇಳಿಯುತ್ತಿತ್ತು. ಪುಟ್ಟ ವಿಮಾನ ಅದರ ಹಾದಿಗಿಂತ ಕೆಳಗಿತ್ತು. ದುರಂತದ ಕಾರಣವೆಲ್ಲ ಈ ಎರಡು ಸಂಗತಿಗಳಲ್ಲಿದೆ.

ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಯ ಕೆಳಗೆ ಹೆಚ್ಚು, ಮೇಲೆ ಕಡಿಮೆ ಇರುವ ಗಾಳಿಯ ಒತ್ತಡ. ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ನುಗ್ಗಿ ಸುತ್ತತೊಡಗುತ್ತದೆ. ಹೀಗೆ ಪ್ರತಿ ವಿಮಾನದ ಹಿಂದೆಯೂ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಎರಡು ಸುಳಿಗಳು ಉಳಿಯುತ್ತವೆ. ಇದೇ ವೇಕ್ ಟರ್ಬ್ಯುಲೆನ್ಸ್. ವಿಮಾನ ಭಾರವಾದಷ್ಟೂ, ವೇಗ ತಗ್ಗಿದಷ್ಟೂ ಸುಳಿ ಬಲಿಯುತ್ತದೆ. ಇಳಿಯುವ ಹೊತ್ತಿಗೆ ದೊಡ್ಡ ವಿಮಾನದ ವೇಗ ತಗ್ಗಿಯೇ ಇರುತ್ತದೆ. ಹಿಂದೆ ಬರುವ ಗಿಡ್ಡ ರೆಕ್ಕೆಯ ವಿಮಾನ ಇಡಿಯಾಗಿ ಒಂದು ಸುಳಿಯೊಳಗೆ ಸಿಕ್ಕಿಬಿದ್ದರೆ, ಪೈಲಟ್ ಎಷ್ಟೇ ಎಳೆದು ಹಿಡಿದರೂ ಉರುಳುವುದು ನಿಲ್ಲದೇ ಹೋಗಬಹುದು. ಸುಧಾರಿಸಿಕೊಳ್ಳಲು ಅಷ್ಟು ಎತ್ತರವೂ ಉಳಿದಿರುವುದಿಲ್ಲ.

ಸುಳಿ ಕಣ್ಣಿಗೆ ಕಾಣದು. ಆದರೆ ಅದರ ನಡೆ ಗೊತ್ತಿದೆ. ನಿಮಿಷಕ್ಕೆ 300ರಿಂದ 500 ಅಡಿಯಂತೆ ಅದು ಕೆಳಗಿಳಿಯುತ್ತದೆ. ನೆಲದ ಹತ್ತಿರ ಬಂದಾಗ ಎರಡೂ ಸುಳಿಗಳು ಪಕ್ಕಕ್ಕೆ ಸರಿಯುತ್ತವೆ. ಆಗ ಮೆಲ್ಲನೆ ಅಡ್ಡಗಾಳಿ ಬೀಸುತ್ತಿದ್ದರೆ ಒಂದು ಸುಳಿ ರನ್‌ವೇ ಮೇಲೆಯೇ ನಿಂತುಬಿಡಬಹುದು. ಜೋರು ಗಾಳಿ ಸುಳಿಯನ್ನು ಬೇಗ ಚದುರಿಸುತ್ತದೆ. ಹಾಗಾಗಿ ಹಾರಾಟಕ್ಕೆ ಹಿತವೆನಿಸುವ ಶಾಂತ ಹವೆಯಲ್ಲೇ ಈ ಅಪಾಯ ಹೆಚ್ಚು.

ಸಾಂಟಾ ಆನಾ ದುರಂತಕ್ಕೆ ಒಂದು ವರ್ಷ ಮೊದಲು ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲೂ 757ರ ಹಿಂದೆ ಬರುತ್ತಿದ್ದ ಸೆಸ್ನಾ ಸೈಟೇಷನ್ ಬಿದ್ದು ಎಂಟು ಜನ ಸತ್ತಿದ್ದರು. ಅಮೆರಿಕದ ಅಂದಿನ ನಿಯಮದಲ್ಲಿ 'ಹೆವಿ' ಎನಿಸಿಕೊಳ್ಳಲು ವಿಮಾನ ಸುಮಾರು 136 ಟನ್ ತೂಗಬೇಕಿತ್ತು. 757 ಅಷ್ಟು ಭಾರವಿಲ್ಲದ್ದರಿಂದ ಅದರ ಹಿಂದೆ ಹೆಚ್ಚಿನ ಅಂತರ ಬಿಡುತ್ತಿರಲಿಲ್ಲ. 1994ರಲ್ಲಿ ಆ ಅಂತರವನ್ನು ಹೆಚ್ಚಿಸಲಾಯಿತು. ಅದಕ್ಕೆ ಮೊದಲೇ ಹದಿಮೂರು ಜೀವಗಳು ಹೋಗಿದ್ದವು.

ಅಂತರರಾಷ್ಟ್ರೀಯ ವಾಡಿಕೆಯಂತೆ, 7 ಟನ್ ಮೀರದ ಹಗುರ ವಿಮಾನ ಇಳಿಯುವಾಗ ಹೆವಿ ವಿಮಾನದಿಂದ 6 ನಾಟಿಕಲ್ ಮೈಲಿ, ಅಂದರೆ ಸುಮಾರು 11 ಕಿಲೋಮೀಟರ್ ಹಿಂದಿರಬೇಕು. ಆದರೆ ಮುಂದಿನ ವಿಮಾನ ಕಾಣುತ್ತಿದೆ, ನೋಡಿಕೊಂಡೇ ಬರುತ್ತೇನೆ ಎಂದು ಪೈಲಟ್ ಒಪ್ಪಿಕೊಂಡರೆ ಅಂತರ ಕಾಯುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಸಾಂಟಾ ಆನಾದಲ್ಲಿ ಆದದ್ದೂ ಇದೇ.

ಸಣ್ಣ ವಿಮಾನ ಹಾರಿಸಲು ಕಲಿಯುತ್ತಿರುವವರು ಇಷ್ಟನ್ನು ಮರೆಯಬಾರದು: ಮುಂದಿನ ದೊಡ್ಡ ವಿಮಾನದ ಹಾದಿಗಿಂತ ಕೆಳಗಿಳಿಯಬೇಡಿ, ಅದರ ಚಕ್ರ ನೆಲ ಮುಟ್ಟಿದ ಜಾಗವನ್ನು ದಾಟಿದ ಮೇಲೆಯೇ ನಿಮ್ಮ ಚಕ್ರ ಊರಿ. ಅಷ್ಟು ರನ್‌ವೇ ಉಳಿಯುವುದಿಲ್ಲ ಅನಿಸಿದರೆ ಅಥವಾ ಅಂತರ ಸಾಲದು ಅನಿಸಿದರೆ, ಹಿಂಜರಿಯದೆ ಮೇಲೇರಿ ಇನ್ನೊಂದು ಸುತ್ತು ಹಾಕಿ ಬನ್ನಿ. ಹಾಗೆ ಮಾಡುವ ಹಕ್ಕು ಪ್ರತಿ ಪೈಲಟ್‌ಗೂ ಇದೆ.