ಟಿಕೆಟ್ ಹಿಡಿದು ತಾನೇ ಹೋದ್ರೂ ಅದು ಮಾನವ ಕಳ್ಳಸಾಗಣೆನೇ

ತುಮಕೂರಿಂದ ಮಾತಾಡ್ತಿದೀನಿ. ಕಳ್ಳಸಾಗಣೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಬಾಯಿಗೆ ಬಟ್ಟೆ ಕಟ್ಟಿ ವ್ಯಾನಿಗೆ ಹಾಕ್ಕೊಂಡು ಹೋಗೋ ಸಿನಿಮಾ ಸೀನ್. ಆದ್ರೆ ಕಾಂಬೋಡಿಯಾದಲ್ಲಿ ಸಿಕ್ಕಿಬಿದ್ದು ವಾಪಸ್ ಬಂದ ಕರ್ನಾಟಕದವರು ತಮ್ಮದೇ ಪಾಸ್‌ಪೋರ್ಟ್ ತೋರಿಸಿ, ವಿಮಾನ ಹತ್ತಿ ಹೋದವರು.

ಅವರಲ್ಲೊಬ್ಬರು 2024ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಗೆ ಹೇಳಿದ್ದು ಇದು: ಮಂಗಳೂರಿನ ಏಜೆಂಟ್ ಕೊಡಿಸ್ತೀನಿ ಅಂದಿದ್ದು ಡೇಟಾ ಎಂಟ್ರಿ ಕೆಲಸ. ಇಮಿಗ್ರೇಷನ್‌ನಲ್ಲಿ ಟೂರಿಸ್ಟ್ ಅಂತ ಹೇಳಿ ಅಂದಿದ್ದ. ಅಲ್ಲಿ ಟೈಪಿಂಗ್ ಸ್ಪೀಡ್ ಕೂಡ ಟೆಸ್ಟ್ ಮಾಡಿದ್ರು. ಆಮೇಲೆ ಗೊತ್ತಾಯ್ತು, ಕೆಲಸ ಅಂದ್ರೆ ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಲ್ಲಿ ನಕಲಿ ಪ್ರೊಫೈಲ್ ಮಾಡಿ ಜನರಿಗೆ ಟೋಪಿ ಹಾಕೋದು. ಟಾರ್ಗೆಟ್ ಮುಟ್ಟದಿದ್ರೆ ಊಟ ಇಲ್ಲ. ಮ್ಯಾನ್ಮಾರ್‌ನಲ್ಲೂ ಇದೇ ದಂಧೆ. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನ ವಾಯುಪಡೆ ವಿಮಾನದಲ್ಲಿ ಕರ್ಕೊಂಡು ಬಂದ್ರು.

"ಅವನೇ ಒಪ್ಪಿ ಹೋದ, ಯಾರಿಗೆ ಅಂತ ಕಂಪ್ಲೇಂಟ್ ಕೊಡೋದು?" ಮನೆಯವರು ಸುಮ್ಮನಾಗೋದು ಇಲ್ಲೇ. ಕಾನೂನು ಹೇಳೋದು ಬೇರೆ. 2000ನೇ ಇಸವಿಯ ವಿಶ್ವಸಂಸ್ಥೆ ಒಪ್ಪಂದ, ಅಂದ್ರೆ ಪಲೆರ್ಮೊ ಪ್ರೋಟೊಕಾಲ್ (ಸಹಿ ಹಾಕಿದ್ದು ಮಾಫಿಯಾಗೆ ಹೆಸರಾದ ಇಟಲಿಯ ಊರಲ್ಲಿ, ನೋಡಿ), ಅದನ್ನ ಭಾರತ ಅನುಮೋದಿಸಿದ್ದು 2011ರಲ್ಲಿ. ಅದರ ಪ್ರಕಾರ ಮೋಸ ಮಾಡಿ, ದುಡಿಸಿ ಹಿಂಡೋಕೆ ಅಂತ ಕಳಿಸಿದ್ರೆ ಹೋದವನ ಒಪ್ಪಿಗೆಗೆ ಬೆಲೆನೇ ಇಲ್ಲ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಕೂಡ ಅದನ್ನೇ ಹೇಳುತ್ತೆ. ಶಿಕ್ಷೆ ಕನಿಷ್ಠ 7 ವರ್ಷ. ಒಬ್ಬರಿಗಿಂತ ಹೆಚ್ಚು ಜನರನ್ನ ಸಾಗಿಸಿದ್ರೆ 10 ವರ್ಷದಿಂದ ಜೀವಾವಧಿ.

ಇನ್ನೊಂದು ವಿಷಯ. ಒಂದು ದೇಶದಲ್ಲಿ ತಯಾರಿ, ಇನ್ನೊಂದರಲ್ಲಿ ಕೃತ್ಯ ಅಂದ್ರೂ ಅದು ಗಡಿ ದಾಟಿದ ಅಪರಾಧನೇ. ಗುಬ್ಬಿ ಬಸ್ ಸ್ಟ್ಯಾಂಡ್‌ನಲ್ಲಿ ಕೂತವನಿಗೆ ವಾಟ್ಸಾಪ್‌ನಲ್ಲಿ ಆಫರ್ ಬಂದು, ಅವನು ಅಲ್ಲಿಂದ ಹೊರಟ ಅಂದ್ರೆ ಅಪರಾಧದ ಅರ್ಧ ಭಾಗ ಗುಬ್ಬಿಯಲ್ಲೇ ನಡೆದಿರುತ್ತೆ. ಕುಣಿಗಲ್ ಠಾಣೆಗೆ ಹೋದ್ರೂ ದೂರು ತಗೋಬೇಕು, "ಅದು ನಮ್ಮ ವ್ಯಾಪ್ತಿ ಅಲ್ಲ" ಅನ್ನೋ ಹಾಗಿಲ್ಲ.

ಒಂದು ಕಡೆ ಮಾತ್ರ ಕಾನೂನು ಕೈಕೊಡುತ್ತೆ ಅನ್ಸುತ್ತೆ. ಅಲ್ಲಿ ಬಲವಂತಕ್ಕೆ ಸ್ಕ್ಯಾಮ್ ಮಾಡಿದ ಹುಡುಗ ಇಲ್ಲಿಗೆ ಬಂದ್ಮೇಲೆ ಸಂತ್ರಸ್ತನೋ ಆರೋಪಿಯೋ? ಅಂಥವರನ್ನ ಶಿಕ್ಷಿಸಬೇಡಿ ಅಂತ ವಿಶ್ವಸಂಸ್ಥೆ 2002ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಸಂಹಿತೆಯಲ್ಲಿ ಬಲವಂತದ ವಿನಾಯಿತಿ ಸಿಗೋದು ತಕ್ಷಣ ಸಾಯಿಸ್ತಾರೆ ಅನ್ನೋ ಬೆದರಿಕೆ ಇದ್ರೆ ಮಾತ್ರ. ಊಟ ಕೊಡಲ್ಲ ಅನ್ನೋದು ಅದಕ್ಕೆ ಸಾಲಲ್ಲ.

ನಾನು ಬಿಕಾಂ ಪಾರ್ಟಿ, ದುಡ್ಡಿನ ಲೆಕ್ಕ ಹೇಳ್ತೀನಿ. ನೋಂದಾಯಿತ ಏಜೆಂಟ್ ತಗೋಬಹುದಾದ ಸೇವಾ ಶುಲ್ಕ ಹೆಚ್ಚು ಅಂದ್ರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿನೂ ಕೊಡಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಹೆಸರು ಹುಡುಕಿ. ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಹೋಗು ಅಂದ್ರೆ ಅಲ್ಲೇ ನಿಲ್ಲಿಸಿ. ಈಗಾಗ್ಲೇ ಯಾರಾದ್ರೂ ಹೋಗಿ ಸಿಕ್ಕಿಬಿದ್ದಿದ್ರೆ ಏಜೆಂಟ್ ಜೊತೆಗಿನ ಚಾಟ್, ಯುಪಿಐ ಪೇಮೆಂಟ್, ಟಿಕೆಟ್ ಪಿಡಿಎಫ್ ಯಾವುದನ್ನೂ ಡಿಲೀಟ್ ಮಾಡಬೇಡಿ, ಪ್ರಿಂಟ್ ತೆಗೆಸಿ ಠಾಣೆಗೆ ತಗೊಂಡು ಹೋಗಿ.